ಹದಿಮೂರನೆಯ ಸೈನಿಕ ಮತ್ತು ಐರ್ಲೆಂಡಿನ ಮೂರು ಬೀಗ

ಐರ್ಲೆಂಡ್ ತಟಸ್ಥ ದೇಶ. ಆದರೆ ಅದರ ಸಂವಿಧಾನದಲ್ಲಿ ಆ ಪದವೇ ಇಲ್ಲ. ಐರಿಷ್ ಜನರಿಗೆ ತಟಸ್ಥತೆ ಕಣ್ಣಿಗೆ ಕಂಡಿದ್ದು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ.

1955ರಲ್ಲಿ ವಿಶ್ವಸಂಸ್ಥೆ ಸೇರಿದ ದೇಶ, 1958ರಲ್ಲಿ ಲೆಬನಾನ್‌ಗೆ ವೀಕ್ಷಕರನ್ನು ಕಳಿಸಿತು. 1960ರಲ್ಲಿ ಕಾಂಗೋಗೆ ಬೆಟಾಲಿಯನ್‌ಗಳೇ ಹೊರಟವು. ಅದೇ ನವೆಂಬರ್ 8ರಂದು ನಿಯೆಂಬಾದಲ್ಲಿ ಹೊಂಚುದಾಳಿಗೆ 9 ಸೈನಿಕರು ಬಲಿಯಾದರು. ಅಂತಿಮಯಾತ್ರೆಗೆ ಡಬ್ಲಿನ್ನಿನ ಬೀದಿಗಳು ಕಿಕ್ಕಿರಿದವು. ಮರುವರ್ಷ ಕಾಂಗೋದ ಜಾಡೊವಿಲ್‌ನಲ್ಲಿ ನೂರೈವತ್ತಕ್ಕೂ ಹೆಚ್ಚು ಮಂದಿಯ ಕಂಪನಿ, ನೀರೂ ಮದ್ದುಗುಂಡೂ ಮುಗಿಯುವತನಕ ಕಾದಾಡಿ ಶರಣಾಯಿತು. ಅವರಲ್ಲಿ ಒಬ್ಬರೂ ಸಾಯಲಿಲ್ಲ. ಬಹುಶಃ ಅದೇ ತಪ್ಪಾಯಿತು: ಅವರಿಗೆ ಪದಕ ಸಿಕ್ಕಿದ್ದು 2017ರಲ್ಲಿ.

1960ರ ರಕ್ಷಣಾ ತಿದ್ದುಪಡಿ ಕಾಯ್ದೆ ಇಂದಿಗೂ ಚರ್ಚೆಯ ಕೇಂದ್ರ. ವಿಶ್ವಸಂಸ್ಥೆಯ ಅಧಿಕಾರದಡಿಯ ಪಡೆಗೆ 12ಕ್ಕಿಂತ ಹೆಚ್ಚು ಸಶಸ್ತ್ರ ಸೈನಿಕರನ್ನು ಕಳಿಸಬೇಕಾದರೆ ಸರ್ಕಾರದ ತೀರ್ಮಾನದ ಜೊತೆಗೆ ಸಂಸತ್ತಿನ ಕೆಳಮನೆ ಡಾಯ್ಲ್‌ನ ನಿರ್ಣಯವೂ ಬೇಕು. ಮೊದಲೇ ಹೋದ ತುಕಡಿಯ ಬದಲಿಗೆ ಹೋಗುವವರಿಗೆ ಮತ್ತೊಂದು ನಿರ್ಣಯ ಬೇಕಿಲ್ಲ. ಸರ್ಕಾರ, ಡಾಯ್ಲ್, ವಿಶ್ವಸಂಸ್ಥೆ: ಇವೇ ಮೂರು ಬೀಗ.

ಈ ಬೀಗಗಳು ಪ್ರತಿಜ್ಞೆಯಂತಾದದ್ದು 2002ರಲ್ಲಿ. ಹಿಂದಿನ ವರ್ಷ ಮತದಾರರು ಐರೋಪ್ಯ ಒಕ್ಕೂಟದ ನೀಸ್ ಒಪ್ಪಂದವನ್ನು ತಿರಸ್ಕರಿಸಿದ್ದರು. ತಮ್ಮನ್ನು ಯುರೋಪಿನ ಸೇನೆಗೆ ಎಳೆದುಕೊಳ್ಳುತ್ತಾರೆಂಬ ಭಯವೂ ಅದಕ್ಕೊಂದು ಕಾರಣ. ಸ್ಪೇನಿನ ಸೆವಿಲ್‌ನಲ್ಲಿ ನಡೆದ ಒಕ್ಕೂಟದ ಶೃಂಗಸಭೆಯಲ್ಲಿ ಸರ್ಕಾರ ಮೂರು ಬೀಗಗಳ ಭರವಸೆ ಕೊಟ್ಟ ಮೇಲೆ ಎರಡನೇ ಜನಮತಗಣನೆಯಲ್ಲಿ ಒಪ್ಪಿಗೆ ಸಿಕ್ಕಿತು.

ತೊಡಕಿರುವುದು ಮೂರನೇ ಬೀಗದಲ್ಲಿ. ಅದರ ಕೀಲಿಕೈ ಹೆಚ್ಚಾಗಿ ಭದ್ರತಾ ಮಂಡಳಿಯ ಕೈಯಲ್ಲಿದೆ. ಅಲ್ಲಿ ಐದು ದೇಶಗಳಿಗೆ ವಿಟೋ ಇದೆ. ಮ್ಯಾಸಿಡೋನಿಯ ತೈವಾನ್‌ಗೆ ಮಾನ್ಯತೆ ಕೊಟ್ಟಿತೆಂಬ ಸಿಟ್ಟಿಗೆ ಅಲ್ಲಿನ ವಿಶ್ವಸಂಸ್ಥೆಯ ಪಡೆಯ ಅವಧಿ ವಿಸ್ತರಣೆಯನ್ನು 1999ರಲ್ಲಿ ಚೀನಾ ತಡೆಯಿತು. 2003ರಲ್ಲಿ ಐರೋಪ್ಯ ಒಕ್ಕೂಟವೇ ಅಲ್ಲಿಗೆ ಪಡೆ ಕಳಿಸಿದಾಗ, ವಿಶ್ವಸಂಸ್ಥೆಯ ಸ್ಪಷ್ಟ ಅಧಿಕಾರವಿಲ್ಲದ್ದರಿಂದ ಐರ್ಲೆಂಡ್ ಹೊರಗುಳಿಯಿತು. ತಟಸ್ಥತೆಯನ್ನು ಕಾಯಬೇಕಾದ ಕಾನೂನು ಅದನ್ನು ಬೀಜಿಂಗ್, ಮಾಸ್ಕೊ, ವಾಷಿಂಗ್ಟನ್‌ಗಳಿಗೆ ಒತ್ತೆಯಿಟ್ಟಿದೆ ಎಂಬ ಟೀಕೆಯಲ್ಲಿ ಹುರುಳಿದೆ. ಮೂರನೇ ಬೀಗ ತೆಗೆಯುವುದನ್ನು ವಿರೋಧಿಸುವವರ ಆತಂಕವೂ ಸುಳ್ಳಲ್ಲ: ಅದು ಹೋದರೆ ಉಳಿಯುವುದು ಬಹುಮತವಿರುವ ಸರ್ಕಾರ ತಾನೇ ತೆರೆದುಕೊಳ್ಳಬಲ್ಲ ಎರಡು ಬೀಗ.

2025ರಲ್ಲಿ ಸರ್ಕಾರ ಮುಂದಿಟ್ಟ ಮಸೂದೆ ಭದ್ರತಾ ಮಂಡಳಿಯ ಒಪ್ಪಿಗೆಯ ಷರತ್ತನ್ನು ಕೈಬಿಟ್ಟು, 12ರ ಮಿತಿಯನ್ನು 50ಕ್ಕೆ ಏರಿಸಲು ಹೊರಟಿತು. ಅದೇ ವರ್ಷ ಭದ್ರತಾ ಮಂಡಳಿ, 1978ರಿಂದ ಐರಿಷ್ ಸೈನಿಕರಿಗೆ ಎರಡನೇ ಮನೆಯಂತಿದ್ದ ದಕ್ಷಿಣ ಲೆಬನಾನಿನ ಪಡೆಯನ್ನು 2026ರ ಕೊನೆಗೆ ಮುಗಿಸಲು ತೀರ್ಮಾನಿಸಿತು.

ಬೀಗದ ಗದ್ದಲದಲ್ಲಿ ಸೈನಿಕರ ಕೊರತೆಯ ಮಾತು ಹಿಂದೆ ಸರಿಯುತ್ತದೆ. ಐರಿಷ್ ಸೇನೆಯಲ್ಲಿ 9,500 ಮಂದಿ ಇರಬೇಕಾದಲ್ಲಿ ಇರುವುದು ಸುಮಾರು 7,500. 2024ರಲ್ಲಿ ಗೋಲನ್ ಹೈಟ್ಸ್‌ನ ವಿಶ್ವಸಂಸ್ಥೆಯ ಪಡೆಯಿಂದ ಐರ್ಲೆಂಡ್ ತನ್ನ ತುಕಡಿಯನ್ನು ವಾಪಸ್ ಕರೆಸಿಕೊಂಡಿದ್ದಕ್ಕೆ ಯಾರ ವಿಟೋವೂ ಕಾರಣವಲ್ಲ. ಕಳಿಸಲು ಸಾಕಷ್ಟು ಜನರಿರಲಿಲ್ಲ.