ಕೈ ಎಣಿಸಿ ಕೆಟ್ಟೆ: ನಗರ ಯೋಜನೆಯ ಸಾರ್ವಜನಿಕ ಸಭೆ ಬಗ್ಗೆ ಅಧ್ಯಯನ ಟಿಪ್ಪಣಿ

ಕಳೆದ ವಾರ ಕ್ಲಾಸಿನಲ್ಲಿ ಒಂದು ಅಸೈನ್‌ಮೆಂಟ್ ಕೊಟ್ಟಿದ್ದರು. ಒಂದು ಕಾಲ್ಪನಿಕ ಬಡಾವಣೆ, ಅಲ್ಲಿ 12,000 ಜನ. ಮಧ್ಯದ ರಸ್ತೆಯನ್ನು ಅಗಲ ಮಾಡುವ ಪ್ರಸ್ತಾವ ಇದೆ. ಸಾರ್ವಜನಿಕ ಸಭೆಗೆ 60 ಜನ ಬಂದಿದ್ದಾರೆ. ಅವರು ಹೇಳಿದ್ದು, ಚೀಟಿಯಲ್ಲಿ ಬರೆದದ್ದು ಎಲ್ಲ ನಮ್ಮ ಕೈಗೆ ಕೊಟ್ಟಿದ್ದಾರೆ. ಅದನ್ನು ಓದಿ ಒಂದು ಪುಟದ ವರದಿ ಬರೆಯಬೇಕು.

ನಾನು ಹತ್ತೇ ನಿಮಿಷದಲ್ಲಿ ಮುಗಿಸಿದೆ. "ಬೇಡ ಅಂದವರು 48, ಬೇಕು ಅಂದವರು 9, ಮಾತಾಡದವರು 3. ಶೇ 80ರಷ್ಟು ಜನರ ವಿರೋಧ ಇದೆ. ಯೋಜನೆ ಕೈಬಿಡುವುದು ಒಳ್ಳೆಯದು." ಚೊಕ್ಕವಾಗಿದೆ ಅಂತ ನನಗೇ ಖುಷಿ ಆಗಿತ್ತು. ಹಾಳೆ ವಾಪಸ್ ಬಂದಾಗ ಅದರ ಮೇಲೆ ಮೇಡಂ ಒಂದೇ ಸಾಲು ಬರೆದಿದ್ದರು: "ನೀವು ಚುನಾವಣೆ ನಡೆಸಿದ್ದೀರಿ, ಸಭೆ ಕೇಳಿಸಿಕೊಂಡಿಲ್ಲ."

ಇದು ಅರ್ಥ ಆಗಲು ನನಗೆ ಎರಡು ದಿನ ಬೇಕಾಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಒಂದೇ ಹೆಸರು, ಎರಡು ಬೇರೆ ಸಭೆ

ಗೊಂದಲದ ಬೇರು ಹೆಸರಿನಲ್ಲೇ ಇದೆ. ಅಮೆರಿಕದ ನ್ಯೂ ಇಂಗ್ಲೆಂಡ್ ಭಾಗದ ಸಣ್ಣ ಊರುಗಳಲ್ಲಿ 17ನೇ ಶತಮಾನದಿಂದ 'ಟೌನ್ ಮೀಟಿಂಗ್' ನಡೆಯುತ್ತಾ ಬಂದಿದೆ. ಅಲ್ಲಿ ಮತದಾರರೇ ಸೇರಿ ಬಜೆಟ್ ಒಪ್ಪುತ್ತಾರೆ, ಊರಿನ ನಿಯಮ ಮಾಡುತ್ತಾರೆ. ಸಭೆಯೇ ತೀರ್ಮಾನ. ಅಲ್ಲಿ ಕೈ ಎಣಿಸುವುದು ಸರಿ, ಎಣಿಸದಿದ್ದರೆ ತಪ್ಪು.

ನಗರ ಯೋಜನೆಗೆ ಕರೆಯುವ ಸಾರ್ವಜನಿಕ ಸಭೆ ಸಾಮಾನ್ಯವಾಗಿ ಆ ಜಾತಿಯದ್ದಲ್ಲ. ತೀರ್ಮಾನ ಬೇರೆ ಕಡೆ ಆಗುತ್ತದೆ, ಯಾವುದೋ ಕೌನ್ಸಿಲ್‌ನಲ್ಲೋ ಯೋಜನಾ ಮಂಡಳಿಯಲ್ಲೋ. ಇಲ್ಲಿ ಸಿಗಬೇಕಾದ್ದು ಮಾಹಿತಿ: ನಕ್ಷೆ ಬರೆದವರಿಗೆ ಕಾಣದ, ಅಲ್ಲಿ ಬದುಕುವವರಿಗೆ ಮಾತ್ರ ಗೊತ್ತಿರುವ ಸಂಗತಿ. ನಾನು ಮೊದಲನೆಯದರ ಲೆಕ್ಕವನ್ನು ಎರಡನೆಯದಕ್ಕೆ ಹಾಕಿದ್ದೆ.

ಏಣಿ (ಬೇಗ ಮುಗಿಸುತ್ತೇನೆ)

ಯೋಜನೆಗಳಲ್ಲಿ ಜನರು ಭಾಗವಹಿಸುವುದರ ಬಗ್ಗೆ ಶೆರ್ರಿ ಆರ್ನ್‌ಸ್ಟೀನ್ 1969ರಲ್ಲಿ ಬರೆದ ಲೇಖನದ ಎಂಟು ಮೆಟ್ಟಿಲಿನ ಏಣಿ ಎಲ್ಲರ ನೋಟ್ಸಿನಲ್ಲೂ ಇರುತ್ತದೆ. ಕೆಳಗಿನ ಎರಡು ಮೆಟ್ಟಿಲು ಬರೀ ನಾಟಕ, ನಡುವಿನ ಮೂರು ತೋರಿಕೆ, ಮೇಲಿನ ಮೂರರಲ್ಲಿ ಮಾತ್ರ ಜನರ ಕೈಗೆ ನಿಜವಾದ ಅಧಿಕಾರ. ಬಾಯಿಪಾಠ ಮಾಡುವವರಿಗೆ ಒಂದೇ ಎಚ್ಚರಿಕೆ: 'ಸಭೆ' ಅನ್ನುವುದು ಯಾವ ಮೆಟ್ಟಿಲೂ ಅಲ್ಲ. ಸಭೆ ಒಂದು ಸಾಧನ ಅಷ್ಟೆ. ಅದೇ ಹಾಲ್, ಅದೇ ಕುರ್ಚಿ, ಅದೇ ಮೈಕ್ ಇಟ್ಟುಕೊಂಡು ಕೆಳಗಿನ ಮೆಟ್ಟಿಲಲ್ಲೂ ನಿಲ್ಲಬಹುದು, ಮೇಲೂ ಹತ್ತಬಹುದು. ಕೊನೆಯಲ್ಲಿ ಪೆನ್ನು ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಮೆಟ್ಟಿಲು ಗೊತ್ತಾಗುತ್ತದೆ.

ಆ ಲೇಖನದಲ್ಲಿ ನನಗೆ ಏಣಿಗಿಂತ ಜಾಸ್ತಿ ಹಿಡಿಸಿದ್ದು ಫ್ರಾನ್ಸಿನ ವಿದ್ಯಾರ್ಥಿಗಳ ಒಂದು ಪೋಸ್ಟರ್. ಶಾಲೆಯಲ್ಲಿ ಕ್ರಿಯಾಪದ ಒಪ್ಪಿಸುವ ಹಾಗೆ ಬರೆದದ್ದು. ಕನ್ನಡದಲ್ಲಿ ಹೇಳಿದರೆ ಹೀಗೆ: ನಾನು ಭಾಗವಹಿಸುತ್ತೇನೆ, ನೀನು ಭಾಗವಹಿಸುತ್ತೀಯೆ, ಅವನು ಭಾಗವಹಿಸುತ್ತಾನೆ, ನಾವು ಭಾಗವಹಿಸುತ್ತೇವೆ, ನೀವು ಭಾಗವಹಿಸುತ್ತೀರಿ... ಅವರು ಲಾಭ ಮಾಡಿಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಏಣಿ ಮರೆತರೂ ಇದು ಮರೆಯಲ್ಲ.

ಬಂದವರು ಯಾರು?

ನನ್ನ 'ಶೇ 80'ಕ್ಕೆ ವಾಪಸ್ ಬರೋಣ. 12,000 ಜನರಲ್ಲಿ 60 ಅಂದರೆ ಶೇ 0.5. ಸಂಖ್ಯೆ ಇಷ್ಟು ಚಿಕ್ಕದಾಗಿದ್ದದ್ದೇ ತಪ್ಪಿಗೆ ಕಾರಣ ಅಂದುಕೊಂಡೆ. "600 ಜನ ಬಂದಿದ್ದರೆ ಸರಿ ಇರುತ್ತಿತ್ತಲ್ವಾ?" ಅಂತ ಮೇಡಂ ಹತ್ತಿರ ಕೇಳಿದೆ. ಇಲ್ಲವಂತೆ. ಎಷ್ಟು ಜನ ಬಂದರು ಅನ್ನುವುದಕ್ಕಿಂತ ಹೇಗೆ ಬಂದರು ಅನ್ನುವುದು ಮುಖ್ಯ. ನಾವು ಚೀಟಿ ಎತ್ತಿ ಆರಿಸಿದವರಲ್ಲ ಅವರು, ತಾವಾಗಿ ಬಂದವರು. ಸಿಟ್ಟು ಇದ್ದವರು ಬರುತ್ತಾರೆ, ಬಿಡುವು ಇದ್ದವರು ಬರುತ್ತಾರೆ, ಸ್ವಂತ ಮನೆ ಇದ್ದವರು ಬರುತ್ತಾರೆ. ಜನ ಜಾಸ್ತಿ ಆದರೆ ಅದೇ ಓರೆ ದೊಡ್ಡದಾಗುತ್ತದೆ ಅಷ್ಟೆ.

ಸಂಖ್ಯಾಶಾಸ್ತ್ರದ ಹಳೆಯ ಕಥೆ ನೆನಪಿಟ್ಟುಕೊಂಡರೆ ಸಾಕು. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುಂಚೆ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಕಾರ್ಡ್ ಕಳಿಸಿತು. 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂತು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆಯಿತು. ಗೆದ್ದದ್ದು ರೂಸ್‌ವೆಲ್ಟ್, 48 ರಾಜ್ಯಗಳಲ್ಲಿ 46ರಲ್ಲಿ. ಅದಕ್ಕಿಂತ ಎಷ್ಟೋ ಕಡಿಮೆ ಜನರನ್ನು ಕೇಳಿದ, ಜನಾಭಿಪ್ರಾಯ ಸಮೀಕ್ಷೆ ನಡೆಸುತ್ತಿದ್ದ ಜಾರ್ಜ್ ಗ್ಯಾಲಪ್ ಯಾರು ಗೆಲ್ಲುತ್ತಾರೆ ಅಂತ ಸರಿಯಾಗಿ ಹೇಳಿದ್ದರು.

ಸಭೆಗಳ ಬಗ್ಗೆಯೇ ಇಂಥ ಲೆಕ್ಕ ಇದೆ. ಬೋಸ್ಟನ್ ವಿಶ್ವವಿದ್ಯಾಲಯದ ಐನ್‌ಸ್ಟೈನ್, ಗ್ಲಿಕ್, ಪಾಮರ್ (ಐನ್‌ಸ್ಟೈನ್ ಅಂದರೆ ಆ ಐನ್‌ಸ್ಟೈನ್ ಅಲ್ಲ, ಕ್ಯಾಥರೀನ್) ಮ್ಯಾಸಚೂಸೆಟ್ಸ್‌ನ 97 ಊರುಗಳ ಯೋಜನಾ ಸಭೆಗಳ ನಡಾವಳಿ ತೆಗೆದು ಮಾತಾಡಿದವರ ಹೆಸರನ್ನು ಮತದಾರರ ಪಟ್ಟಿಗೆ ಹೊಂದಿಸಿ ನೋಡಿದರು. ಮಾತಾಡಿದವರಲ್ಲಿ ವಯಸ್ಸಾದವರು, ಗಂಡಸರು, ಬಹಳ ಕಾಲದಿಂದ ಅಲ್ಲೇ ಇರುವವರು, ಸ್ವಂತ ಮನೆಯವರು ಜಾಸ್ತಿ. ಹೊಸ ವಸತಿ ಕಟ್ಟಡಗಳ ಪರ ಮಾತಾಡಿದವರು ಶೇ 15ರಷ್ಟು ಮಾತ್ರ. ಆದರೆ ಕೈಗೆಟುಕುವ ಬೆಲೆಯ ವಸತಿಗೆ ಅನುಕೂಲ ಮಾಡುವ ಕಾನೂನನ್ನು ಉಳಿಸಬೇಕೋ ತೆಗೆಯಬೇಕೋ ಅಂತ 2010ರಲ್ಲಿ ಅದೇ ರಾಜ್ಯದಲ್ಲಿ ಮತ ಕೇಳಿದಾಗ ಅರ್ಧಕ್ಕಿಂತ ಜಾಸ್ತಿ ಜನ ಉಳಿಸಿ ಅಂದಿದ್ದರು. ಎರಡೂ ಪ್ರಶ್ನೆ ತದ್ರೂಪು ಅಲ್ಲ, ನಿಜ. ಆದರೂ ಅಂತರ ನೋಡಿ.

ಹಾಗಂತ ಎಣಿಸುವುದೇ ಬೇಡ ಅಂತಲ್ಲ. ಬಾಗಿಲ ಬಳಿಯ ಸಹಿ ಹಾಳೆಯನ್ನು ಎಣಿಸಿ. ನಮ್ಮ ಅಸೈನ್‌ಮೆಂಟಿನ ಬಡಾವಣೆಯಲ್ಲಿ ಅರ್ಧ ಜನ ಬಾಡಿಗೆದಾರರು, ಸಭೆಗೆ ಬಂದ ಬಾಡಿಗೆದಾರರು 4. ವರದಿಯಲ್ಲಿ ಬರಬೇಕಾದ ಸಂಖ್ಯೆ ಇದು: "ಬಾಡಿಗೆದಾರರ ಮಾತು ನಮಗೆ ಇನ್ನೂ ಸಿಕ್ಕಿಲ್ಲ." ಅವರನ್ನು ಹುಡುಕಿಕೊಂಡು ಹೋಗಬೇಕು, ಬಸ್ ಸ್ಟಾಪಿಗೋ, ಶಾಲೆಯ ಗೇಟಿಗೋ, ಕೆಲಸ ಬಿಡುವ ಹೊತ್ತಿಗೋ.

ಕೇಳಿದ್ದು ಒಂದು, ಬೇಕಾದ್ದು ಇನ್ನೊಂದು

ನಾನು ನಿಜವಾಗಿ ಎಡವಿದ್ದು ಇಲ್ಲಿ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಕೈ ಎಣಿಸಬೇಡಿ ಅಂದರೆ ಮತ್ತೇನು ಮಾಡಬೇಕು? ಮಾತುಗಳನ್ನು ಕಾರಣದ ಪ್ರಕಾರ ಗುಂಪು ಮಾಡಬೇಕಂತೆ. ಸರಿ ಅಂತ ಮಾಡಿದೆ. ಒಂದು ಗುಂಪಿಗೆ 'ವಿರೋಧ', ಇನ್ನೊಂದಕ್ಕೆ 'ಬೆಂಬಲ' ಅಂತ ಹೆಸರಿಟ್ಟೆ. ಮತ್ತೆ ಅಲ್ಲೇ ಬಂದು ನಿಂತೆ!

ಬಿಡಿಸಿಕೊಟ್ಟದ್ದು ಆಡಳಿತ, ನಿರ್ವಹಣೆ ಬಗ್ಗೆ ಬರೆಯುತ್ತಿದ್ದ ಅಮೆರಿಕದ ಚಿಂತಕಿ ಮೇರಿ ಪಾರ್ಕರ್ ಫಾಲೆಟ್ ಹೇಳಿದ ಒಂದು ಪುಟ್ಟ ಘಟನೆ. 1920ರ ದಶಕದ್ದು. ಲೈಬ್ರರಿಯ ಚಿಕ್ಕ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆಗೆಯಬೇಕು, ಫಾಲೆಟ್‌ಗೆ ಮುಚ್ಚಿರಬೇಕು. ಕೊನೆಗೆ ಪಕ್ಕದ ಖಾಲಿ ಕೋಣೆಯ ಕಿಟಕಿ ತೆಗೆದರು. ಒಬ್ಬರಿಗೆ ಗಾಳಿ ಸಿಕ್ಕಿತು, ಫಾಲೆಟ್ ಮೇಲೆ ನೇರವಾಗಿ ಬೀಸಲಿಲ್ಲ. ಅರ್ಧ ಕಿಟಕಿ ತೆಗೆದಿದ್ದರೆ ಇಬ್ಬರಿಗೂ ಅರ್ಧ ಬೇಜಾರು. 'ಕಿಟಕಿ ತೆಗಿ' ಅನ್ನುವುದು ಕೇಳಿದ್ದು, 'ಗಾಳಿ' ಬೇಕಾದ್ದು.

ಕಥೆ ಸುಲಭ. ಚೀಟಿ ಮುಂದೆ ಇಟ್ಟುಕೊಂಡಾಗ ಕಷ್ಟ. ಯಾವುದು ಕೇಳಿದ್ದು, ಯಾವುದು ಬೇಕಾದ್ದು ಅಂತ ಹೇಗೆ ಗೊತ್ತಾಗಬೇಕು? ಗೆಳತಿಯ ಜೊತೆ ಕೂತು ಗುದ್ದಾಡಿ ನಾವು ಒಂದು ಅಡ್ಡದಾರಿ ಕಂಡುಕೊಂಡೆವು. ಅದಕ್ಕೆ 'ಎರಡು ದಾರಿ ಪರೀಕ್ಷೆ' ಅಂತ ಹೆಸರಿಟ್ಟಿದ್ದೇವೆ.

ಚೀಟಿಯ ಮಾತು ತಗೊಳ್ಳಿ. ಅದನ್ನು ಈಡೇರಿಸಲು ಎಷ್ಟು ದಾರಿ ಇದೆ ಅಂತ ಕೇಳಿ. ಒಂದೇ ದಾರಿ ಇದ್ದರೆ ನೀವಿನ್ನೂ 'ಕೇಳಿದ್ದು' ಅನ್ನುವಲ್ಲೇ ಇದ್ದೀರಿ. ಎರಡೋ ಮೂರೋ ದಾರಿ ಕಂಡರೆ 'ಬೇಕಾದ್ದು' ಸಿಕ್ಕಿತು.

"ರಸ್ತೆ ಅಗಲ ಮಾಡಬೇಡಿ." ಈಡೇರಿಸುವ ದಾರಿ ಒಂದೇ, ಮಾಡದೇ ಇರುವುದು. ಇನ್ನೊಂದು ಮೆಟ್ಟಿಲು ಕೆಳಗಿಳಿದು, ಅಗಲ ಮಾಡಿದರೆ ಏನು ಕೆಡುತ್ತದೆ ಅಂತ ಕೇಳಿ. "ಗಾಡಿ ಇನ್ನೂ ಜೋರಾಗಿ ಬರುತ್ತವೆ, ಮಕ್ಕಳು ಶಾಲೆಗೆ ದಾಟಬೇಕು." ಈಗ 'ಮಕ್ಕಳು ಭಯವಿಲ್ಲದೆ ದಾಟಬೇಕು' ಅನ್ನುವುದಕ್ಕೆ ಎಷ್ಟು ದಾರಿ? ಹಂಪ್ ಹಾಕಬಹುದು, ಸಿಗ್ನಲ್ ಇಡಬಹುದು, ದಾಟುವ ಜಾಗವನ್ನು ಎತ್ತರಿಸಬಹುದು, ರಸ್ತೆ ನಡುವೆ ನಿಲ್ಲಲು ಕಟ್ಟೆ ಕಟ್ಟಬಹುದು. ಸಿಕ್ಕಿತು.

ಆದರೆ ಜಾಸ್ತಿ ಕೆಳಗೆ ಇಳಿಯಬೇಡಿ. ನಾನು ಇಳಿದೆ. "ಮಕ್ಕಳು ದಾಟಬೇಕು" ಅನ್ನುವುದನ್ನು ಇನ್ನೂ ಅಗೆದು "ನೆಮ್ಮದಿಯ ಬದುಕು ಬೇಕು" ಅಂತ ಬರೆದೆ. ಅದಕ್ಕೆ ಸಾವಿರ ದಾರಿ. ಅಂದರೆ ಒಂದೂ ಇಲ್ಲ ಅಂತಲೇ ಲೆಕ್ಕ, ಎಂಜಿನಿಯರ್ ಅದನ್ನು ಹಿಡಿದು ಏನು ಮಾಡಬೇಕು? ನಾಲ್ಕೈದು ದಾರಿ ಕಾಣುವ ಹೊತ್ತಿಗೆ ನಿಲ್ಲಿಸಿ.

ಇನ್ನೊಂದು ತಪ್ಪು. "ಅಂಗಡಿ ಮುಂದೆ ಗಾಡಿ ನಿಲ್ಲಿಸಕ್ಕೆ ಜಾಗ ಹೋದ್ರೆ ಗಿರಾಕಿ ಬರಲ್ಲ" ಅನ್ನುವ ಚೀಟಿಯನ್ನು ನಾನು 'ಆರ್ಥಿಕ ಕಳವಳ' ಅಂತ ಮಾಡಿದ್ದೆ. ಕೇಳಲು ದೊಡ್ಡದಾಗಿದೆ, ಒಳಗೆ ಏನೂ ಉಳಿದಿಲ್ಲ. ಗಾಡಿ ಹೋಯಿತು, ಗಿರಾಕಿ ಹೋದ. ಹಾಗಾಗಿ ಈಗ ಪ್ರತಿ ಚೀಟಿಗೂ ಮೂರು ಸಾಲು: ಅವರು ಹೇಳಿದ ಮಾತು ಹಾಗೇ, ಅಕ್ಷರ ಬದಲಿಸದೆ. ಬೇಕಾದ್ದು, ನನ್ನ ಊಹೆ ಅಂತ ಗುರುತು ಹಾಕಿ. ನಕ್ಷೆಯಲ್ಲಿ ಎಲ್ಲಿ. ಮೂರನೆಯ ಸಾಲು ಚಿಕ್ಕದು ಅನ್ನಿಸುತ್ತದೆ, ಆದರೆ ಜಾಗ ಗೊತ್ತಿಲ್ಲದ ದೂರು ಸುಮ್ನೆ ದೂರಾಗೇ ಉಳಿಯುತ್ತದೆ.

ಹೀಗೆ 57 ಮಾತನ್ನೂ ಮತ್ತೆ ಜೋಡಿಸಿದಾಗ ಕಂಡದ್ದು ಇದು. 'ಬೇಡ' ಅಂದ 48ರಲ್ಲಿ 17 ಜನಕ್ಕೆ ರಸ್ತೆ ದಾಟುವ ಭಯ. 'ಬೇಕು' ಅಂದ 9ರಲ್ಲಿ 4 ಜನಕ್ಕೂ ಅದೇ ಭಯ! ಅಗಲ ಮಾಡಿದರೆ ಫುಟ್‌ಪಾತ್ ಸಿಗುತ್ತದೆ, ದಾಟುವುದು ಸುಲಭ ಆಗುತ್ತದೆ ಅಂತ ಅವರ ಲೆಕ್ಕ. ನನ್ನ ಮೊದಲ ವರದಿಯಲ್ಲಿ ಇವರೆಲ್ಲ ಎದುರಾಳಿಗಳು. ಇಲ್ಲಿ ಒಂದೇ ಗುಂಪು, 21 ಜನ. ಇದನ್ನು ನೋಡಿದಾಗ ನಾನು ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಪರೀಕ್ಷೆ ಕೆಲಸ ಮಾಡದ ಕಡೆಯೂ ಇದೆ. "ನನ್ನ ಮನೆ ಗೋಡೆ ಒಡೆಯಬೇಡಿ." ಎಷ್ಟು ಕೆಳಗಿಳಿದರೂ ದಾರಿ ಒಂದೇ. ಒತ್ತಿ ಹಿಂಡಬೇಡಿ. ಅದು ಕೇಳಿದ್ದೂ ಹೌದು, ಬೇಕಾದ್ದೂ ಹೌದು. ಅಂಥ ಚೀಟಿಗಳನ್ನು ಬೇರೆ ಇಡಿ, ಅವುಗಳಿಗೆ ಗುಂಪು ಬೇಕಿಲ್ಲ. ಮನೆ ಕಳೆದುಕೊಳ್ಳುವವರು ಒಬ್ಬರೇ ಇದ್ದರೂ ವರದಿಯ ಮೊದಲ ಪುಟದಲ್ಲಿ ಅವರಿರಬೇಕು. ಕೈ ಎಣಿಸಿದರೆ ಮೊದಲು ಮಾಯ ಆಗುವುದು ಇವರೇ.

ಸಭೆ ಹೇಗೆ ನಡೆಸುವುದು

ಇದು ಪುಸ್ತಕದಲ್ಲಿ ಚೆನ್ನಾಗಿದೆ, ನನಗೆ ಅಂಟಿಕೊಂಡದ್ದು ಮಾತ್ರ. ಮುಂದೆ ಮೇಜು, ಮಧ್ಯೆ ಒಂದು ಮೈಕ್, ತಲಾ ಮೂರು ನಿಮಿಷ: ಇದರಲ್ಲಿ ಭಾಷಣ ಬರುವವರು ಗೆಲ್ಲುತ್ತಾರೆ. ಎಂಟೆಂಟು ಜನರ ಮೇಜು, ಮೇಜಿಗೊಂದು ನಕ್ಷೆ, ಕೇಳಿ ಬರೆದುಕೊಳ್ಳುವವರು ಒಬ್ಬರು: ಇದು ವಾಸಿ. ಟೋನಿ ಗಿಬ್ಸನ್ ಬ್ರಿಟನ್ನಿನಲ್ಲಿ ಬೆಳೆಸಿದ ವಿಧಾನದಲ್ಲಿ ಜನರು ಬಡಾವಣೆಯ ರಟ್ಟಿನ ಮಾದರಿ ಮೇಲೆ ಕಾರ್ಡ್ ಇಡುತ್ತಾರೆ. ಎಲ್ಲರ ಕಣ್ಣು ಮಾದರಿ ಮೇಲೆ ಇರುತ್ತದೆ, ಒಬ್ಬರ ಮುಖ ಒಬ್ಬರು ನೋಡಿ ಹೆದರಬೇಕಿಲ್ಲ. ಇಷ್ಟವಾದ ಆಯ್ಕೆಯ ಮೇಲೆ ಬಣ್ಣದ ಚುಕ್ಕೆ ಅಂಟಿಸುವ ಆಟ ಆಡಿಸುವುದಾದರೆ ಮೊದಲು ತಮ್ಮ ಆಯ್ಕೆಯನ್ನು ಹಾಳೆಯಲ್ಲಿ ಬರೆಸಿ, ಆಮೇಲೆ ಅಂಟಿಸಲು ಹೇಳಿ. ಇಲ್ಲದಿದ್ದರೆ ಚುಕ್ಕೆ ಜಾಸ್ತಿ ಇರುವ ಕಡೆಗೇ ಮುಂದಿನ ಚುಕ್ಕೆಗಳೂ ಓಡುತ್ತವೆ.

ಹಲವು ದಿನ ಒಟ್ಟಿಗೆ ಕೂತು ಚಿತ್ರ ಬಿಡಿಸುವ ಸಭೆಗೆ 'ಶರೆಟ್' ಅನ್ನುತ್ತಾರೆ. ಫ್ರೆಂಚಿನಲ್ಲಿ ಅದಕ್ಕೆ ತಳ್ಳುಗಾಡಿ ಅಂತ ಅರ್ಥ. ಪ್ಯಾರಿಸ್‌ನ ಕಲಾಶಾಲೆಯಲ್ಲಿ ವಿದ್ಯಾರ್ಥಿಗಳ ನಕ್ಷೆ ತುಂಬಿಕೊಳ್ಳಲು ಗಾಡಿ ಬರುತ್ತಿತ್ತಂತೆ, ಕೊನೆ ಗಳಿಗೆವರೆಗೂ ಗೀಚುತ್ತಿದ್ದರಂತೆ. ಅಸೈನ್‌ಮೆಂಟ್ ರಾತ್ರಿ ಬರೆಯುವ ನಮ್ಮಂಥವರಿಗೆ ಹಿರಿಯರು ಇದ್ದಾರೆ ಅಂತ ಸಮಾಧಾನ.

ಯಾವಾಗ ಸಭೆ ಅನ್ನುವುದೂ ಅಷ್ಟೇ ಮುಖ್ಯ. ತೀರ್ಮಾನಿಸು, ಪ್ರಕಟಿಸು, ಸಮರ್ಥಿಸಿಕೋ: ಈ ಸಾಲಿನಲ್ಲಿ ಸಭೆ ಕೊನೆಗೆ ಬಂದರೆ ಜನರಿಗೆ ಉಳಿಯುವುದು ಬೇಕು, ಬೇಡ ಎರಡೇ ಮಾತು. ನನ್ನ ತಪ್ಪು ವರದಿಯಲ್ಲಿ ಇದ್ದದ್ದೂ ಅವೆರಡೇ.

ಉತ್ತರದ ಪಟ್ಟಿ

ಕೊನೆಯ ಕೆಲಸ. ಪ್ರತಿ 'ಬೇಕಾದ್ದ'ರ ಎದುರು ಏನಾಯಿತು ಅಂತ ಬರೆಯಬೇಕು: ಸೇರಿಸಿದೆವು, ಬದಲಿಸಿ ಸೇರಿಸಿದೆವು, ಆಗಲಿಲ್ಲ. ಆಗಲಿಲ್ಲ ಅಂದರೆ ಯಾಕೆ ಅಂತಲೂ ಬರೆಯಬೇಕು. 'ಪರಿಶೀಲಿಸಲಾಗುವುದು' ಅಂತ ಬರೆದರೆ ನಮ್ಮ ಮೇಡಂ ಅಂಕ ಕಳೆಯುತ್ತಾರೆ. ಬಂದವರಿಗೆಲ್ಲ ಈ ಪಟ್ಟಿ ಕಳಿಸಬೇಕು, ಇಲ್ಲದಿದ್ದರೆ ಮುಂದಿನ ಸಭೆಗೆ ಕುರ್ಚಿ ಖಾಲಿ.

ಎರಡನೇ ಸಲ ಬರೆದ ವರದಿಯಲ್ಲಿ ನಾನು ಮೊದಲು ಉತ್ತರ ಕೊಟ್ಟದ್ದು ಒಂದು ಚಿಕ್ಕ ಚೀಟಿಗೆ. "ಫುಟ್‌ಪಾತ್ ಮುಗಿಯೋ ಕಡೆ ಇಳಿಜಾರು ಇಲ್ಲ, ನನ್ನ ಗಾಲಿಕುರ್ಚಿ ರಸ್ತೆಗೆ ಇಳಿಯಲ್ಲ." ಅಗಲ ಮಾಡಿದರೂ ಮಾಡದಿದ್ದರೂ ಮಾಡಬಹುದಾದ ಕೆಲಸ ಅದು, ಪಟ್ಟಿಯಲ್ಲಿ 'ಸೇರಿಸಿದೆವು' ಅಂತ ಬರೆದೆ. ಬರೆದವರು ಸಭೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ನನ್ನ ಮೊದಲ ವರದಿಯಲ್ಲಿ ಅವರು 'ಮಾತಾಡದವರು 3' ಅನ್ನುವುದರೊಳಗೆ ಇದ್ದರು.