ಜರ್ಮನಿಗೆ ಓದಲು ಹೊರಟವರು ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು?

ಪ್ರಶ್ನೆ: ಸ್ನಾತಕೋತ್ತರ ಪದವಿಗಾಗಿ ಸೆಪ್ಟೆಂಬರ್ ಕೊನೆಯಲ್ಲಿ ಜರ್ಮನಿಗೆ ಹೊರಟಿದ್ದೇನೆ. ವಿಮಾನದಲ್ಲಿ 23 ಕಿಲೋದ ಎರಡು ಪೆಟ್ಟಿಗೆ ಒಯ್ಯಬಹುದು. ಅಮ್ಮ ತುಪ್ಪದಿಂದ ಹಿಡಿದು ಕುಕ್ಕರ್‌ವರೆಗೆ ಎಲ್ಲವನ್ನೂ ಜೋಡಿಸಿಟ್ಟಿದ್ದಾರೆ. ಯಾವುದನ್ನು ಒಯ್ಯಲಿ?

ಉತ್ತರ: ಪೆಟ್ಟಿಗೆಯ ಚಿಂತೆಯನ್ನು ಸ್ವಲ್ಪ ಬದಿಗಿಟ್ಟು, ಮೊದಲು ಕೈಚೀಲಕ್ಕೆ ಗಮನ ಕೊಡಿ. ಮರೆತ ಸ್ವೆಟರನ್ನು ಅಲ್ಲಿ ಕೊಂಡುಕೊಳ್ಳಬಹುದು. ಮರೆತ ಅಂಕಪಟ್ಟಿಯನ್ನು ಕೊಳ್ಳಲಾಗದು. ಎಸ್ಸೆಸ್ಸೆಲ್ಸಿಯಿಂದ ಪದವಿಯವರೆಗಿನ ಮೂಲ ಅಂಕಪಟ್ಟಿಗಳು, ಪದವಿ ಪ್ರಮಾಣಪತ್ರ, ವಿಶ್ವವಿದ್ಯಾಲಯದ ಪ್ರವೇಶಪತ್ರ, ಎಪಿಎಸ್ ಪ್ರಮಾಣಪತ್ರ (ನಿಮ್ಮ ಅಂಕಪಟ್ಟಿಗಳು ಅಸಲಿ ಎಂದು ಜರ್ಮನ್ ರಾಯಭಾರ ಕಚೇರಿಯ ವಿಭಾಗ ಕೊಡುವ ಪತ್ರ), ವಿಮೆಯ ಕಾಗದ, ಬ್ಲಾಕ್ಡ್ ಅಕೌಂಟಿನ (ವೀಸಾಗಾಗಿ ಮೊದಲೇ ಹಣ ತುಂಬಿ, ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಖಾತೆಯ) ದೃಢೀಕರಣ ಪತ್ರ: ಇವೆಲ್ಲ ನಿಮ್ಮ ಜೊತೆಯಲ್ಲೇ ಇರಬೇಕು. ಪೆಟ್ಟಿಗೆ ಎರಡು ದಿನ ತಡವಾಗಿ ಬಂದರೂ ಪರವಾಗಿಲ್ಲ ಎನ್ನುವಂತೆ ಕೈಚೀಲ ತುಂಬಿ.

ನಮ್ಮ ಕಡೆಯವರಿಗೆ ಹೆಸರಿನದೇ ಒಂದು ತೊಡಕು. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಬರೆದ ಊರಿನ ಹೆಸರು ಮತ್ತು ತಂದೆಯ ಹೆಸರು, ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ. ಇಂಥ ವ್ಯತ್ಯಾಸವಿದ್ದರೆ, ಎರಡೂ ಹೆಸರು ಒಬ್ಬರದೇ ಎಂದು ಹೇಳುವ ನೋಟರಿ ಅಫಿಡವಿಟ್ ಒಂದನ್ನು ಇಂಗ್ಲಿಷಿನಲ್ಲಿ ಇಲ್ಲೇ ಮಾಡಿಸಿಕೊಳ್ಳಿ. ಟಿಕೆಟ್, ವಿಮೆ, ಬ್ಯಾಂಕ್ ಎಲ್ಲ ಕಡೆಯೂ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಅಕ್ಷರ ಬಿಡದೆ ಬರೆಯಿರಿ.

ಇನ್ನು ಹಣ. 2024ರ ಸೆಪ್ಟೆಂಬರಿನಿಂದ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕೆಂಬ ನಿಯಮವಿದೆ. ಅದರಲ್ಲಿ ನಿಮ್ಮ ಕೈಗೆ ಬರುವುದು ತಿಂಗಳಿಗೆ 992 ಯೂರೋ. ಆ ಹಣವೂ ಇಳಿದ ದಿನವೇ ಸಿಗುವುದಿಲ್ಲ. ಅಲ್ಲಿ ಚಾಲ್ತಿ ಖಾತೆ ತೆರೆಯಬೇಕು, ಅದಕ್ಕೆ ಎಷ್ಟೋ ಬ್ಯಾಂಕುಗಳು ವಿಳಾಸ ನೋಂದಣಿಯ ಕಾಗದ ಕೇಳುತ್ತವೆ, ನೋಂದಣಿಗೆ ಮನೆಯೊಡೆಯರ ಸಹಿಯುಳ್ಳ ಪತ್ರ ಬೇಕು. ಮನೆ ಸೇರಿದ ಎರಡು ವಾರದೊಳಗೆ ಈ ನೋಂದಣಿ ಆಗಬೇಕೆಂಬುದು ಕಾನೂನು. ಜೊತೆಗೆ ಕೋಣೆಯ ಮುಂಗಡ ಮೂರು ತಿಂಗಳ ಬಾಡಿಗೆಯಷ್ಟಿರಬಹುದು. ಆದ್ದರಿಂದ ಮೊದಲ ತಿಂಗಳ ಖರ್ಚನ್ನು ಬೇರೆಯಾಗಿಯೇ, ಫಾರೆಕ್ಸ್ ಕಾರ್ಡಿನಲ್ಲಿ (ವಿದೇಶಿ ಹಣ ಮೊದಲೇ ತುಂಬಿಸಿಕೊಳ್ಳುವ ಕಾರ್ಡ್) ಇಟ್ಟುಕೊಂಡು ಹೋಗಿ. ಸಾಲ ಮಾಡಿ ಕಳುಹಿಸುವ ಮನೆಯವರಿಗೆ ಈ ವಿಷಯವನ್ನು ಮೊದಲೇ ತಿಳಿಸುವುದು ನ್ಯಾಯ.

ಈಗ ಅಮ್ಮನ ಡಬ್ಬಿಗಳಿಗೆ ಬರೋಣ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ತರುವಂತಿಲ್ಲ. ತುಪ್ಪವೂ ಅದರಲ್ಲಿ ಸೇರಿತು. ಅದಕ್ಕಾಗಿ ಬೇಸರ ಬೇಡ. ಜರ್ಮನಿಯ ಸಾಮಾನ್ಯ ಅಂಗಡಿಗಳಲ್ಲೇ ಬುಟರ್‌ಶ್ಮಾಲ್ಟ್ಸ್ ಎಂಬ ಕಾಯಿಸಿದ ಬೆಣ್ಣೆ ಸಿಗುತ್ತದೆ, ಬಿಸಿ ಅನ್ನದ ಮೇಲೆ ಅದೇ ಸಾಕು. ಹಸಿ ಕರಿಬೇವು, ಮಾವಿನಕಾಯಿಗಳನ್ನೂ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಒಯ್ಯುವಂತಿಲ್ಲ. ಗಿಟುಕು ಕೊಬ್ಬರಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ಸರಕಿನ ಪಟ್ಟಿಯಲ್ಲಿದೆ, ಬಿಟ್ಟುಬಿಡಿ. ದುಬೈ ಮೂಲಕ ಹೋಗುವವರು ಗಸಗಸೆಯನ್ನು ಮುಟ್ಟಲೇಬೇಡಿ. ಅಲ್ಲಿ ಅದು ನಿಷಿದ್ಧ.

ಒಯ್ಯಬೇಕಾದದ್ದು ಮನೆಯ ಪುಡಿಗಳನ್ನು. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ವಾಂಗೀಬಾತ್ ಪುಡಿ. ಅಕ್ಕಿ, ಬೇಳೆ, ಹುಣಸೆಹಣ್ಣು ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ದೊರೆಯುತ್ತವೆ. ನಿಮ್ಮ ಮನೆಯ ಹದದಲ್ಲಿ ಹುರಿದು ಬೀಸಿದ ಪುಡಿ ಎಲ್ಲೂ ದೊರೆಯದು. ದಪ್ಪ ಕವರಿನಲ್ಲಿ ಗಾಳಿ ಹೋಗದಂತೆ ಸೀಲ್ ಮಾಡಿಸಿ, ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದು ಅಂಟಿಸಿ. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ, ಭದ್ರತಾ ತಪಾಸಣೆಯಲ್ಲೇ ತೆಗೆದಿಡುತ್ತಾರೆ. ಪವರ್‌ಬ್ಯಾಂಕ್ ಮಾತ್ರ ಇದಕ್ಕೆ ತದ್ವಿರುದ್ಧ, ಅದು ಕೈಚೀಲದಲ್ಲೇ ಇರಬೇಕು.

ಕುಕ್ಕರ್ ಖಂಡಿತ ಒಯ್ಯಿರಿ, ಆದರೆ ಇಂಡಕ್ಷನ್ ತಳದ ಎರಡು ಮೂರು ಲೀಟರಿನ ಸ್ಟೀಲ್ ಕುಕ್ಕರ್. ಅಲ್ಲಿನ ಎಷ್ಟೋ ಅಡುಗೆಮನೆಗಳಲ್ಲಿ ಗ್ಯಾಸ್ ಇರುವುದಿಲ್ಲ. ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯ ಮೇಲೆ ಬಿಸಿಯೇ ಆಗದು. ಒಂದು ಹೆಚ್ಚುವರಿ ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಜೊತೆಗಿರಲಿ. ವಿದ್ಯುತ್ತು ನಮ್ಮಲ್ಲಿನಂತೆಯೇ 230 ವೋಲ್ಟ್. ನಮ್ಮ ಮೂರು ಪಿನ್ನಿನ ಪ್ಲಗ್ ಮಾತ್ರ ಕೂರುವುದಿಲ್ಲ, ಒಂದೆರಡು ಅಡಾಪ್ಟರ್ ಬೇಕು.

ಚಳಿಯ ಬಟ್ಟೆಗೆ ಇಲ್ಲಿ ಹೆಚ್ಚು ಖರ್ಚು ಮಾಡಬೇಡಿ. ಒಂದು ಜಾಕೆಟ್, ಎರಡು ಜೊತೆ ಥರ್ಮಲ್ ಸಾಕು. ಉಳಿದದ್ದನ್ನು, ಆ ಚಳಿಗೆಂದೇ ಹೊಲಿದ ಬಟ್ಟೆ ಸಿಗುವ ಊರಿನಲ್ಲೇ ಕೊಳ್ಳಿ. ಹೊರಡುವ ಮುನ್ನ ಹಲ್ಲಿನ ವೈದ್ಯರ ಬಳಿ ಹೋಗಿ ಬನ್ನಿ. ಕನ್ನಡಕವಿದ್ದರೆ ಇನ್ನೊಂದು ಜೊತೆ ಮಾಡಿಸಿ, ಅಲ್ಲಿ ವಿಮೆ ಸಾಮಾನ್ಯವಾಗಿ ಅದರ ಖರ್ಚನ್ನು ಭರಿಸುವುದಿಲ್ಲ. ದಿನವೂ ತೆಗೆದುಕೊಳ್ಳುವ ಔಷಧಿಗೆ ವೈದ್ಯರ ಚೀಟಿ ಇರಲಿ. ಬ್ಯಾಂಕಿಗೆ ಕೊಟ್ಟ ಮೊಬೈಲ್ ಸಂಖ್ಯೆಗೆ ರೋಮಿಂಗ್ ಹಾಕಿಸಿ, ರೀಚಾರ್ಜ್ ತಪ್ಪದಂತೆ ಮನೆಯವರಿಗೆ ಹೇಳಿಡಿ. ಅದು ನಿಂತುಹೋದರೆ ಒಟಿಪಿ ಬಾರದೆ ನಿಮ್ಮದೇ ಹಣ ನಿಮಗೆ ಸಿಗದು.

ಕೊನೆಯದಾಗಿ, ಜರ್ಮನಿಯಲ್ಲಿ ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣಗಳಲ್ಲಿ ಮಾತ್ರ ಕೆಲವು ತೆರೆದಿರುತ್ತವೆ. ಶನಿವಾರ ರಾತ್ರಿ ಇಳಿಯುವವರು ಎರಡು ಹೊತ್ತಿಗಾಗುವಷ್ಟು ಗೊಜ್ಜವಲಕ್ಕಿ ಪುಡಿಯನ್ನು ಪೆಟ್ಟಿಗೆಯ ಮೇಲ್ಭಾಗದಲ್ಲೇ ಇಟ್ಟುಕೊಳ್ಳಿ.