ಲ್ಯಾಪ್‌ಟಾಪಲ್ಲೇ ಎಲ್ಲಾ ವಾದ್ಯ ಸಿಗೋವಾಗ ಸಿನಿಮಾಗೆ ಆರ್ಕೆಸ್ಟ್ರಾ ಯಾಕೆ?

ಓದುಗರ ಪ್ರಶ್ನೆ: "ಈಗ ವಯಲಿನ್ನು, ಟ್ರಂಪೆಟ್ಟು ಎಲ್ಲಾ ಸಾಫ್ಟ್‌ವೇರಲ್ಲೇ ಬರುತ್ತೆ. ಆದ್ರೂ ಹಾಲಿವುಡ್ಡೋರು 80-90 ಜನರನ್ನ ಕೂರಿಸಿ ಬಿಜಿಎಂ ರೆಕಾರ್ಡ್ ಮಾಡ್ತಾರಲ್ಲ, ಕೇಳೋರಿಗೆ ವ್ಯತ್ಯಾಸ ನಿಜವಾಗ್ಲೂ ಗೊತ್ತಾಗುತ್ತಾ?"

ಗೊತ್ತಾಗುತ್ತೆ, ಆದ್ರೆ ಎಲ್ಲಾ ಕಡೆ ಅಲ್ಲ. ಹಿಂದೆ ಗುಂಯ್ ಅಂತ ಒಂದೇ ಸ್ವರ ಎಳೀತಾ ಇರೋ ಸೀನಿಗೆ ಸಾಫ್ಟ್‌ವೇರಿನ ಸ್ವರ, ಅಂದ್ರೆ ಸ್ಯಾಂಪಲ್, ಧಾರಾಳ ಸಾಕು, ನನಗೂ ಕಂಡುಹಿಡಿಯೋಕೆ ಆಗಲ್ಲ. ಒಂದು ಟ್ಯೂನು ಮೆಲ್ಲಗೆ ಶುರುವಾಗಿ ಏರ್ತಾ ಹೋಗ್ಬೇಕು ಅಂದಾಗ ಮಾತ್ರ ಬಂಡವಾಳ ಬಯಲಾಗುತ್ತೆ. ಸ್ಯಾಂಪಲ್ ಅಂದ್ರೆ ಹೆಚ್ಚಾಗಿ ಒಂದೊಂದು ಸ್ವರಾನೂ ಬಿಡಿಬಿಡಿಯಾಗಿ ರೆಕಾರ್ಡ್ ಮಾಡಿ ಇಟ್ಕೊಂಡಿರೋದು, ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಜಾರೋ ಜಾಗದಲ್ಲಿ ತೇಪೆ ಕಾಣುತ್ತೆ, ಗಮಕ ಇಲ್ದೆ ಕೀಬೋರ್ಡಲ್ಲಿ ತೋಡಿ ರಾಗ ನುಡಿಸಿದಂಗೆ. ನಿಜವಾದ 16 ವಯಲಿನ್ ಒಟ್ಟಿಗೆ ನುಡಿಸುವಾಗ ಯಾರೂ ಅಚ್ಚು ಹಾಕಿದ ಹಾಗೆ ಒಂದೇ ಶ್ರುತೀಲಿ ಇರಲ್ಲ, ಒಬ್ಬರ ಕಮಾನು ಕೂದಲೆಳೆ ಮುಂದೆ, ಇನ್ನೊಬ್ಬರ ಬೆರಳು ಸ್ವಲ್ಪ ಜಾಸ್ತಿ ಅಲುಗುತ್ತೆ, ಆ ಸಣ್ಣ ಸಣ್ಣ ವ್ಯತ್ಯಾಸ ಎಲ್ಲಾ ಸೇರಿನೇ ನಮಗೆ ಆ ತುಂಬಿದ ನಾದ ಕೇಳ್ಸೋದು. ಹಾರ್ನು, ಟ್ರಂಪೆಟ್ಟಂತೂ ಜೋರಾಗಿ ಊದಿದ್ರೆ ವಾಲ್ಯೂಮ್ ಅಷ್ಟೇ ಅಲ್ಲ, ನಾದದ ಬಣ್ಣಾನೇ ಬದಲಾಗುತ್ತೆ.

ಹಾಗಂತ ಜನ ಜಾಸ್ತಿ ಇದ್ರೆ ಮ್ಯೂಸಿಕ್ ಚೆನ್ನಾಗಿರುತ್ತೆ ಅಂತಲ್ಲ. 1975ರ ಶಾರ್ಕ್ ಸಿನಿಮಾ ಜಾಸ್ ತಗೊಳ್ಳಿ. ಕಂಪೋಸರ್ ಜಾನ್ ವಿಲಿಯಮ್ಸ್ ಶಾರ್ಕಿಗೆ ಅಂತ ಕೊಟ್ಟಿದ್ದು ಎರಡೇ ಸ್ವರ, ಅದೂ ಸ ಮತ್ತು ಶುದ್ಧ ರಿಷಭದಷ್ಟು ಹತ್ತಿರದವು. ಮೊದಲು ಪಿಯಾನೋದಲ್ಲಿ ನುಡಿಸಿ ತೋರ್ಸಿದಾಗ ಡೈರೆಕ್ಟರ್ ಸ್ಪೀಲ್‌ಬರ್ಗ್ ತಮಾಷೆ ಮಾಡ್ತಿದಾನೆ ಅಂದ್ಕೊಂಡು ನಕ್ಕುಬಿಟ್ಟಿದ್ರಂತೆ. ಅದೇ ಎರಡು ಸ್ವರ ಸೆಲ್ಲೋ, ಡಬಲ್ ಬಾಸ್ ಅನ್ನೋ ದಪ್ಪ ದನಿಯ ದೊಡ್ಡ ತಂತಿವಾದ್ಯಗಳಿಗೆ ಹೋದ್ಮೇಲೆ ಯಾರೂ ನಗಲಿಲ್ಲ. ಶೂಟಿಂಗಲ್ಲಿ ಯಂತ್ರದ ಶಾರ್ಕ್ ಪದೇ ಪದೇ ಕೈ ಕೊಡ್ತಿತ್ತು, ಹಾಗಾಗಿ ಶಾರ್ಕ್ ಪರದೆ ಮೇಲೆ ಕಾಣೋದೇ ಕಮ್ಮಿ, ಬಂತು ಅಂತ ಹೇಳೋ ಕೆಲಸ ಮ್ಯೂಸಿಕ್ಕಿಂದು. ಇನ್ನೊಂದು ಕಿಲಾಡಿತನ ಇದೆ ಅದ್ರಲ್ಲಿ, ಇಬ್ಬರು ಹುಡುಗರು ಶಾರ್ಕಿನದ್ದರ ಥರ ರಟ್ಟಿನ ರೆಕ್ಕೆ ಇಟ್ಕೊಂಡು ಜನರನ್ನ ಹೆದರಿಸೋ ಸೀನಲ್ಲಿ ಆ ಟ್ಯೂನು ಬರೋದೇ ಇಲ್ಲ! ಅಂದ್ರೆ ಮ್ಯೂಸಿಕ್ ನಮಗೆ ಸುಳ್ಳು ಹೇಳಿಲ್ಲ.

ನನ್ನ ಫೇವರಿಟ್ ಉದಾಹರಣೆ ಮಾತ್ರ ಇದೇ ಜೋಡಿಯ 1982ರ ಸಿನಿಮಾ ಇ.ಟಿ. ಸಾಮಾನ್ಯವಾಗಿ ವಾದಕರು ಹೆಡ್‌ಫೋನಲ್ಲಿ ಟಿಕ್ ಟಿಕ್ ಕೇಳ್ಕೊಂಡು ಸೀನಿನ ಟೈಮಿಂಗಿಗೆ ಸರಿಯಾಗಿ ನುಡಿಸ್ಬೇಕು. ಇದರ ಕ್ಲೈಮ್ಯಾಕ್ಸಲ್ಲಿ, ಸೈಕಲ್ ಚೇಸ್, ಬೀಳ್ಕೊಡುಗೆ ಎಲ್ಲಾ ಬರೋ ಜಾಗ, ಎಷ್ಟು ಟೇಕ್ ತಗೊಂಡ್ರೂ ಸೀನಿಗೂ ಮ್ಯೂಸಿಕ್ಕಿಗೂ ಕೂಡಿಬರ್ಲಿಲ್ಲ. ಕೊನೆಗೆ ಸ್ಪೀಲ್‌ಬರ್ಗ್ ಪರದೆ ಆಫ್ ಮಾಡ್ಸಿ, ಕಛೇರಿ ಥರ ನಿಮ್ಮಿಷ್ಟಕ್ಕೆ ನುಡಿಸಿ ಅಂತ ಬಿಟ್ಟು, ಆಮೇಲೆ ಆ ಮ್ಯೂಸಿಕ್ಕಿಗೆ ತಕ್ಕ ಹಾಗೆ ಸಿನಿಮಾದ ಎಡಿಟಿಂಗನ್ನೇ ತಿದ್ದಿದ್ರು. ಕೇಳಿದ್ರೆ ಗೊತ್ತಾಗುತ್ತೆ, ಎಲ್ಲಿ ಉಸಿರು ತಗೋಬೇಕೋ ಅಲ್ಲಿ ತಾಳ ಒಂಚೂರು ಹಿಗ್ಗುತ್ತೆ. ಇಂಟರ್‌ಸ್ಟೆಲ್ಲರ್ ಸಿನಿಮಾಗೆ ಕಂಪೋಸರ್ ಹಾನ್ಸ್ ಜಿಮ್ಮರ್ ಲಂಡನ್ನಿನ ಟೆಂಪಲ್ ಚರ್ಚಿಗೆ ಹೋಗಿ ಅಲ್ಲಿನ ಪೈಪ್ ಆರ್ಗನ್ ರೆಕಾರ್ಡ್ ಮಾಡಿದ್ದೂ ಇಂಥ ಉಸಿರಿಗೇ, ಅದು ಗಾಳಿಯಿಂದಲೇ ನುಡಿಯೋ ವಾದ್ಯ.

ನಮ್ಮಲ್ಲಿ ಮನಸ್ಸಲ್ಲಿ ಉಳಿದ ಟ್ಯೂನು ಅಂದ್ರೆ ಪಲ್ಲವಿ ಅನುಪಲ್ಲವಿ ಸಿನಿಮಾದ್ದು, 1983, ಇಳಯರಾಜ. ಆ ಟ್ಯೂನು ಮೊಬೈಲ್ ಕಂಪನಿ ಜಾಹೀರಾತಲ್ಲಿ ಬಂದು, ಸಿನಿಮಾ ಹೆಸರೇ ಕೇಳದೋರೂ ಗುನುಗೋ ಹಾಗಾಯ್ತು.

ಹಾಗಿದ್ರೆ ಈಗಿನ ದೊಡ್ಡ ಸಿನಿಮಾಗಳ ಮ್ಯೂಸಿಕ್ ಯಾಕೆ ಥಿಯೇಟರಿಂದ ಹೊರಗೆ ಬರೋಷ್ಟರಲ್ಲಿ ಮರೆತುಹೋಗುತ್ತೆ? ಆರ್ಕೆಸ್ಟ್ರಾ ಅಲ್ಲೂ ಇರುತ್ತೆ. ನನ್ನ ಪ್ರಕಾರ ಅರ್ಧ ತಪ್ಪು ಟೆಂಪ್ ಟ್ರ್ಯಾಕಿಂದು. ಎಡಿಟಿಂಗ್ ಟೈಮಲ್ಲಿ ಯಾವುದೋ ಹಳೇ ಸಿನಿಮಾದ ಮ್ಯೂಸಿಕ್ ತಾತ್ಕಾಲಿಕವಾಗಿ ಹಾಕಿರ್ತಾರೆ, ಡೈರೆಕ್ಟರ್ ಅದನ್ನೇ ಕೇಳಿ ಕೇಳಿ ಅದಕ್ಕೆ ಒಗ್ಗಿ ಹೋಗಿ, ಕಂಪೋಸರ್ ಹತ್ರ ಇದೇ ಥರ ಬೇಕು ಅಂತ ಕೂರ್ತಾರೆ. 90 ಜನ ಇದ್ರೂ ಹೊಸದಾಗಿ ಹೇಳೋಕೆ ಏನೂ ಉಳಿದಿರಲ್ಲ.

ಟೆಸ್ಟ್ ಮಾಡ್ಬೇಕಂದ್ರೆ ಇ.ಟಿ. ಕ್ಲೈಮ್ಯಾಕ್ಸನ್ನೇ ಕೇಳಿ. ಒಳ್ಳೇ ಹೆಡ್‌ಫೋನ್ ಇರ್ಲಿ, ಫೋನ್ ಸ್ಪೀಕರಲ್ಲಿ ಡಬಲ್ ಬಾಸ್ ಸರಿಯಾಗಿ ಕೇಳ್ಸೋದೇ ಇಲ್ಲ.